ಗಾಯಗೊಂಡ ವ್ಯವಸಾಯಗಾರನಿಗೆ ಸಲ್ಲತಕ್ಕ ನಷ್ಟಪರಿಹಾರ

ಸಂತೆಗೆ ಹೋಗಿಬರುವಾಗಲೋ, ದನಗಳನ್ನು ಹೊಡೆದುಕೊಂಡು ರಸ್ತೆ ದಾಟುವಾಗಲೋ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆ ಸಿಕ್ಕಿ ಕೈಕಾಲು ಮುರಿದುಕೊಂಡ ವ್ಯವಸಾಯಗಾರರಲ್ಲಿ ಅನೇಕರು ಆಸ್ಪತ್ರೆಯ ಖರ್ಚು ಬಂದರೆ ಸಾಕೆಂದು ಭಾವಿಸಿ, ವಾಹನದ ಮಾಲೀಕನು ಕೊಟ್ಟಷ್ಟನ್ನು ಪಡೆದು ರಾಜಿಯಾಗುವುದುಂಟು. ಆಸ್ಪತ್ರೆಯ ಖರ್ಚು ಕಾನೂನಿನ ಪ್ರಕಾರ ಸಲ್ಲತಕ್ಕ ಪರಿಹಾರದಲ್ಲಿ ಒಂದು ಬಾಬು ಮಾತ್ರ. ಶಾಶ್ವತವಾಗಿ ಊನವಾದವನಿಗೆ ಅದು ಅನೇಕ ವೇಳೆ ಎಲ್ಲಕ್ಕಿಂತ ಚಿಕ್ಕ ಬಾಬೂ ಆಗಿರುತ್ತದೆ.

1988ನೆಯ ಇಸವಿಯ ಮೋಟಾರು ವಾಹನಗಳ ಅಧಿನಿಯಮದ 166ನೆಯ ಪ್ರಕರಣದ ಮೇರೆಗೆ ಗಾಯಾಳುವು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಅಪಘಾತವು ದೂರದ ಜಿಲ್ಲೆಯಲ್ಲಿ ನಡೆದಿದ್ದರೂ ತಾನು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲಿಯೇ ಕೇಳಿಕೊಳ್ಳಲು ಅವಕಾಶವಿದೆ. ಆದರೆ ಈ ಪ್ರಕರಣದ ಅರ್ಜಿಯಲ್ಲಿ ಇನ್ನೊಬ್ಬನ ಅಜಾಗರೂಕತೆಯಿಂದ ಅಪಘಾತವಾಯಿತೆಂಬುದನ್ನು ತೋರಿಸಬೇಕು. ಗಾಯಾಳುವಿನ ತಪ್ಪೂ ಸೇರಿದ್ದಲ್ಲಿ ಅಷ್ಟು ಅಂಶ ಪರಿಹಾರದಲ್ಲಿ ಇಳಿಯುತ್ತದೆ.

ಪರಿಹಾರದ ಬಾಬುಗಳಾವುವೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2010ನೆಯ ಅಕ್ಟೋಬರ್ ತಿಂಗಳ ಒಂದು ತೀರ್ಪಿನಲ್ಲಿ ವಿಶದಪಡಿಸಿದೆ. ಹಣದಲ್ಲಿ ಲೆಕ್ಕ ಹಾಕಬಹುದಾದ ನಷ್ಟವು ಒಂದು ಬಗೆ. ಚಿಕಿತ್ಸೆ, ಔಷಧ, ಆಸ್ಪತ್ರೆಗೆ ಹೋಗಿಬಂದ ಬಾಡಿಗೆ, ಪುಷ್ಟಿಯ ಆಹಾರ ಇವುಗಳ ಖರ್ಚು, ಹಾಸಿಗೆ ಹಿಡಿದಿದ್ದ ದಿನಗಳ ಸಂಪಾದನೆ, ಶಾಶ್ವತವಾದ ಊನದಿಂದ ಮುಂದೆ ತಪ್ಪುವ ಸಂಪಾದನೆ, ಮುಂದಿನ ಚಿಕಿತ್ಸೆಯ ವೆಚ್ಚ ಇವು ಅದರಲ್ಲಿ ಸೇರಿವೆ. ಅಳತೆಗೆ ಸಿಗದ ನಷ್ಟವು ಇನ್ನೊಂದು ಬಗೆ. ಪಟ್ಟ ನೋವು ಮತ್ತು ಮನೋವ್ಯಥೆ, ನಡೆದಾಡಿ ದುಡಿದು ಬಾಳುವ ಸುಖದ ನಾಶ, ಮದುವೆಯ ಅವಕಾಶ ತಪ್ಪಿದ್ದು, ಆಯುಸ್ಸು ಕುಗ್ಗಿದ್ದು ಇವಕ್ಕೂ ನ್ಯಾಯಮಂಡಳಿಯು ಯುಕ್ತ ಮೊಬಲಗನ್ನು ಕೊಡಿಸುತ್ತದೆ. ಸಾಮಾನ್ಯ ಗಾಯಗಳಲ್ಲಿ ಚಿಕಿತ್ಸೆಯ ಖರ್ಚು, ತಪ್ಪಿದ ದಿನಗಳ ಸಂಪಾದನೆ, ನೋವು ಈ ಮೂರೇ ದೊರೆಯುವುವು. ಉಳಿದ ಬಾಬುಗಳು ಘೋರವಾದ ಗಾಯವಾಗಿ ವೈದ್ಯರ ಸಾಕ್ಷ್ಯವಿದ್ದಲ್ಲಿ ಮಾತ್ರ.

ಇವುಗಳಲ್ಲಿ ಹೆಚ್ಚು ವಾದಕ್ಕೆ ಎಡೆಯಾಗುವುದು ಮುಂದಿನ ಸಂಪಾದನೆಯ ನಷ್ಟ. ವೈದ್ಯರು ಬರೆದುಕೊಟ್ಟ ಊನದ ಪ್ರಮಾಣವೇ ಸಂಪಾದನೆಯ ನಷ್ಟದ ಪ್ರಮಾಣವಲ್ಲ. ಎಡಗೈ ಹೋದವನ ಊನವು ನೂರಕ್ಕೆ 60ರಷ್ಟೆನಿಸಬಹುದು. ಅವನು ಬಡಗಿಯೋ ಚಾಲಕನೋ ಆಗಿದ್ದರೆ ಕಸುಬು ಪೂರ್ತಿ ಹೋದಂತೆಯೇ ಸರಿ, ಸರ್ಕಾರಿ ಗುಮಾಸ್ತನಾಗಿದ್ದರೆ ಸಂಬಳಕ್ಕೆ ಚ್ಯುತಿ ಬಾರದಿರಲೂಬಹುದು ಎಂದು ಅದೇ ತೀರ್ಪು ಉದಾಹರಿಸಿದೆ. ವ್ಯವಸಾಯಗಾರನಿಗೆ ಈ ಮಾತು ಬಹಳ ಮುಖ್ಯ. ಮೊಣಕಾಲು ಮಡಿಸಲಾರದವನು ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡಿಯಾನು. ಕೆಸರುಗದ್ದೆಯಲ್ಲಿ ನಾಟಿ ಹಾಕಲಾರ, ಕುಕ್ಕುರುಗಾಲಿನಲ್ಲಿ ಕಳೆ ಕೀಳಲಾರ, ಹಾಲು ಕರೆಯಲಾರ. ಇಂತಿಂತಹ ಕೆಲಸವನ್ನು ಈತನು ಇನ್ನು ಮಾಡಲಾರನೆಂಬುದು ಸಾಕ್ಷ್ಯದಲ್ಲಿ ಬರಬೇಕು. ಪ್ರಮಾಣಪತ್ರ ಕೊಟ್ಟ ವೈದ್ಯರನ್ನು ಸಾಕ್ಷಿಯಾಗಿ ಕರೆಯಿಸದೆ ಕಾಗದವನ್ನು ಮಾತ್ರ ಹಾಜರುಪಡಿಸಿದರೆ ಅದು ಸಾಲದು.

ಲೆಕ್ಕದ ಕ್ರಮ ಹೀಗೆ. ಗಾಯಾಳುವಿನ ವಯಸ್ಸು 38, ತಿಂಗಳ ಸಂಪಾದನೆ 15,000 ರೂಪಾಯಿ, ದುಡಿಮೆಯ ನಷ್ಟ ನೂರಕ್ಕೆ 30 ಎಂದಿಟ್ಟುಕೊಳ್ಳಬಹುದು. ಸ್ವಂತ ಕಸುಬಿನವರಲ್ಲಿ 40 ವರ್ಷದೊಳಗಿನವರಿಗೆ ಮುಂದಿನ ಅಭಿವೃದ್ಧಿಯ ಬಗ್ಗೆ ನೂರಕ್ಕೆ 40ರಷ್ಟು ಕೂಡಿಸಬೇಕೆಂಬುದು 2017ನೆಯ ಇಸವಿಯ ತೀರ್ಪು. ಅದರಂತೆ ತಿಂಗಳಿಗೆ 21,000, ವರ್ಷಕ್ಕೆ 2,52,000 ರೂಪಾಯಿಗಳಾಗುವುವು. ಇದರಲ್ಲಿ ನೂರಕ್ಕೆ 30 ಎಂದರೆ 75,600. ಈ ವಯಸ್ಸಿಗೆ 2009ನೆಯ ಇಸವಿಯ ತೀರ್ಪು ಗೊತ್ತುಪಡಿಸಿದ ಗುಣಕವು 15 ಆದುದರಿಂದ ಒಟ್ಟು 11,34,000 ರೂಪಾಯಿ. ಮೃತಪಟ್ಟವನ ಲೆಕ್ಕದಲ್ಲಿ ಸ್ವಂತ ಖರ್ಚೆಂದು ಕಳೆಯುವ ಅಂಶವನ್ನು ಗಾಯಾಳುವಿನ ಲೆಕ್ಕದಲ್ಲಿ ಕಳೆಯುವಂತಿಲ್ಲ.

ಇಲ್ಲಿ ವಿಮಾ ಕಂಪೆನಿಯ ಪರವಾಗಿ ಬರುವ ಆಕ್ಷೇಪಣೆಯೊಂದುಂಟು: ಜಮೀನು ಇದ್ದಲ್ಲಿಯೇ ಇದೆ, ಆದುದರಿಂದ ಆದಾಯವೂ ಇದೆ ಎಂಬುದು. ಈ ವಾದಕ್ಕೆ ಆಧಾರವೇ ಇಲ್ಲವೆನ್ನಲಾಗದು. 2003ರಲ್ಲಿ ಮರಣದ ಪ್ರಕರಣವೊಂದನ್ನು ತೀರ್ಮಾನಿಸುವಾಗ ಸರ್ವೋಚ್ಚ ನ್ಯಾಯಾಲಯವು, ಜಮೀನು ವಾರಸುದಾರರಿಗೆ ಉಳಿಯುವುದರಿಂದ ಆದಾಯನಷ್ಟದ ಸಾಮಾನ್ಯ ನಿಯಮವು ವ್ಯವಸಾಯದ ಆದಾಯಕ್ಕೆ ಕಟ್ಟುನಿಟ್ಟಾಗಿ ಅನ್ವಯಿಸದೆಂದು ಹೇಳಿತು; ಬೇಸಾಯ ನೋಡಿಕೊಳ್ಳಲು ಆಳುಗಳನ್ನಿಡಬೇಕಾಗಿ ಬರಬಹುದೆಂಬುದನ್ನೂ ಒಪ್ಪಿತು. ನಷ್ಟವಾದುದು ಮಣ್ಣಲ್ಲ, ಒಡೆಯನ ಮೈದುಡಿಮೆ ಮತ್ತು ಮೇಲ್ವಿಚಾರಣೆ. ಆದ್ದರಿಂದ ಬರಿಯ ಪಹಣಿಯನ್ನು ತೋರಿಸಿದರೆ ಎದುರು ವಾದಕ್ಕೇ ಬಲ ಬಂದೀತು. ಅಪಘಾತದ ನಂತರ ಉಳುಮೆಗೆ, ಕೊಯ್ಲಿಗೆ, ನೀರು ಹಾಯಿಸುವುದಕ್ಕೆ ಎಷ್ಟು ಕೂಲಿ ಕೊಡಲಾಯಿತು, ಎಷ್ಟು ಎಕರೆ ಬೀಳುಬಿದ್ದಿತು, ಹಾಲಿನ ಸಂಘಕ್ಕೆ ಹಾಕುತ್ತಿದ್ದ ಹಾಲು ಎಷ್ಟು ಇಳಿಯಿತು ಎಂಬುದನ್ನು ಹಿಂದಿನ ಮತ್ತು ಮುಂದಿನ ಪಟ್ಟಿಗಳಿಂದ ತೋರಿಸುವುದೇ ಲೇಸು. ಮಾರುಕಟ್ಟೆಯ ಚೀಟಿಗಳನ್ನು ಒಲೆಗೆ ಹಾಕುವ ಮನೆಗಳಲ್ಲಿ ಈ ರುಜುವಾತು ಆಗಲೇ ಉರಿದುಹೋಗಿರುತ್ತದೆ.

ಕೂಲಿಕಾರನ ಬಳಿ ಕಾಗದವೇ ಇರುವುದಿಲ್ಲ. 2004ರಲ್ಲಿ ಗಾಯಗೊಂಡ ಕರ್ನಾಟಕದ ಕೂಲಿಕಾರನೊಬ್ಬನು ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆನೆಂದು ಹೇಳಿದಾಗ ನ್ಯಾಯಮಂಡಳಿಯು 3,000ವನ್ನು ಮಾತ್ರ ಒಪ್ಪಿತ್ತು. ಅಸಂಘಟಿತ ಕೆಲಸದವನಿಂದ ದಾಖಲೆಯನ್ನು ನಿರೀಕ್ಷಿಸಲಾಗದೆಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆತನು ಹೇಳಿದ ಮೊಬಲಗನ್ನೇ ಒಪ್ಪಿಕೊಂಡಿತು. ಹೆಂಗಸರ ದುಡಿಮೆಗೂ ಬೆಲೆಯುಂಟು. ಹಳ್ಳಿಯ ಗೃಹಿಣಿಯು ಮನೆಗೆಲಸದ ಜೊತೆಗೆ ಬಿತ್ತನೆ, ನಾಟಿ, ಕೊಯ್ಲು, ದನಗಳ ಪೋಷಣೆಗಳಲ್ಲಿಯೂ ಕೈಗೂಡಿಸುತ್ತಾಳೆಂಬುದನ್ನು 2021ನೆಯ ಇಸವಿಯ ತೀರ್ಪೊಂದು ಗಮನಕ್ಕೆ ತಂದುಕೊಂಡಿದೆ. ಅರ್ಜಿಯಲ್ಲಿ “ಆದಾಯವಿಲ್ಲ” ಎಂದು ಬರೆಯಿಸುವುದು ಆಕೆಯ ಹಕ್ಕನ್ನು ಕೈಯಾರೆ ಕಳೆದಂತೆ.

ಟ್ರ್ಯಾಕ್ಟರುಳ್ಳವರು ಗಮನಿಸತಕ್ಕ ವಿಷಯವೊಂದಿದೆ. ಮಡ್‌ಗಾರ್ಡಿನ ಮೇಲೆಯೂ ಟ್ರೈಲರಿನಲ್ಲಿಯೂ ಆಳುಗಳನ್ನು ಕೂರಿಸಿ ಸಾಗಿಸುವುದು ಎಲ್ಲೆಲ್ಲಿಯೂ ಕಾಣುವ ರೂಢಿ. ವ್ಯವಸಾಯಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರಿನ ಟ್ರೈಲರಿನಿಂದ ಬಿದ್ದು ಗಾಯಗೊಂಡ ಕೂಲಿಯವನೊಬ್ಬನ ಪ್ರಕರಣದಲ್ಲಿ ವಿಮಾ ಕಂಪೆನಿಗೆ ಹೊಣೆಯಿಲ್ಲವೆಂದು 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಗಾಯಾಳುವಿನ ಬಡತನವನ್ನು ನೋಡಿ, ಕಂಪೆನಿಯು ಮೊದಲು ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲೆಂದು ತನ್ನ ವಿಶೇಷಾಧಿಕಾರದಿಂದ ಅಪ್ಪಣೆ ಮಾಡಿತು. ಹೊರೆಯು ಕಡೆಗೆ ಮಾಲೀಕನ ಮೇಲೆಯೇ ಬಿದ್ದಿತು.

ಅಪಘಾತವಾದ ಕೂಡಲೆ ಪೊಲೀಸು ಠಾಣೆಯಲ್ಲಿ ದೂರು ದಾಖಲು ಮಾಡಿಸಿ, ವಾಹನದ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಗಾಯದ ಪ್ರಮಾಣಪತ್ರ, ಆಸ್ಪತ್ರೆಯಿಂದ ಬಿಡುಗಡೆಯಾದ ಚೀಟಿ, ಔಷಧದ ಬಿಲ್ಲುಗಳು, ಬಾಡಿಗೆ ಗಾಡಿಯ ರಸೀತಿ ಇವುಗಳನ್ನು ಒಂದೆಡೆ ಕೂಡಿಡಬೇಕು. 2019ನೆಯ ಇಸವಿಯ ತಿದ್ದುಪಡಿಯು ಅರ್ಜಿ ಸಲ್ಲಿಸಲು ಅಪಘಾತದ ದಿನದಿಂದ ಆರು ತಿಂಗಳ ಅವಧಿಯನ್ನು ಗೊತ್ತುಮಾಡಿದ್ದು, ಇದು 2022ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ವಕೀಲರನ್ನಿಡಲು ಶಕ್ತಿಯಿಲ್ಲದವರು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಬಹುದು.