ಕೂಳೆ ಕಿತ್ತ ಹೊಲದಲ್ಲಿ

ತೊಗರಿ ಕೊಯ್ದು ಹದಿನೈದು ದಿನವಾಗಿದೆ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದ ಊರಂಚಿನ ಹೊಲವೊಂದರಲ್ಲಿ ಏಳೆಂಟು ಹುಡುಗರು ಬಗ್ಗಿ ಕೂಳೆ ಕೀಳುತ್ತಿದ್ದಾರೆ. ತೊಗರಿ ಕೂಳೆ ಬಲು ಕೆಟ್ಟದ್ದು. ಓರೆಯಾಗಿ ಕೊಯ್ದ ತುದಿ ಹವಾಯಿ ಚಪ್ಪಲಿಯನ್ನೂ ತೂರಿ ಅಂಗಾಲಿಗೆ ಇಳಿಯುತ್ತದೆ. ಅಳೆಯಲು ಟೇಪಿಲ್ಲ. ಉದ್ದ ಕಾಲಿನವನೊಬ್ಬ ಇಪ್ಪತ್ತೆರಡು ಹೆಜ್ಜೆ ಹಾಕಿ ಎರಡೂ ತುದಿಗೆ ಒಂದೊಂದು ಕಲ್ಲಿಟ್ಟ. ಇನ್ನಿಬ್ಬರು ಕೊಡದಲ್ಲಿ ನೀರು ತಂದು ಚಿಮುಕಿಸಿದರು, ಮತ್ತೊಬ್ಬ ದಿಮ್ಮಸಿನಿಂದ ಬಡಿದ. ಒಂದು ತಾಸಿಗೆ ಎರೆಮಣ್ಣು ಕರಿಹಲಗೆಯಂತೆ ಮಿರುಗತೊಡಗಿತು.

ಆ ಕಡೆ ಒಡ್ಡು, ಈ ಕಡೆ ಕಣಕಿ ಬಣವೆ. ಬಣವೆಗೆ ಬಡಿದರೆ ನಾಲ್ಕು, ದಾಟಿದರೆ ಆರು. ಟೆನಿಸ್ ಬಾಲಿಗೆ ತಲೆಗೆ ಹತ್ತು ರೂಪಾಯಿ ಪಟ್ಟಿ. ಇಷ್ಟೇ ಬಂಡವಾಳ.

ಹೊಲದ ಮಾಲೀಕ ಮುತ್ಯಾ ಬಂಡಿಯ ಮೂಕಿಯ ಮೇಲೆ ಕೂತಿದ್ದಾರೆ. ಬ್ಯಾಟಿಂಗ್ ಸರದಿಗೆ ಕಾಯುತ್ತಿದ್ದ ಹುಡುಗ ನನ್ನ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತ.

‘ಅಣ್ಣಾ, ಬೆಂಗಳೂರಾಗ ಹೊಸಾ ಸ್ಟೇಡಿಯಂ ಕಟ್ಟತಾರಂತ. ಎಷ್ಟ್ ರೊಕ್ಕ ಹತ್ತತದ?’

ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಆಸನದ ಕ್ರೀಡಾಂಗಣವೆಂದು ರಾಜ್ಯ ಸರ್ಕಾರ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತ್ತು. ಒಳಾಂಗಣ ಕ್ರೀಡೆ, ಈಜುಕೊಳ, ಹಾಸ್ಟೆಲುಗಳೂ ಸೇರಿ ಅಂದಾಜು 1,650 ಕೋಟಿ ರೂಪಾಯಿ. ಹುಡುಗನಿಗೆ ಆ ಮೊತ್ತ ಹೇಳಿದೆ. ಅವನು ಸುಮ್ಮನಾದ. ಮುತ್ಯಾ ಸುಮ್ಮನಾಗಲಿಲ್ಲ.

‘ಒಂದ್ ಕುರ್ಚಿಗೆ ಎಷ್ಟ್ ಬಿತ್ತು, ಲೆಕ್ಕ ಹಾಕ್ರಿ.’

ಮೊಬೈಲಿನಲ್ಲಿ ಭಾಗಿಸಿದೆ. 2,06,250 ರೂಪಾಯಿ.

‘ತೊಗರಿ ಎಷ್ಟ್ ಕ್ವಿಂಟಲ್ ಆತು?’

2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಅಂದರೆ ಸುಮಾರು ಇಪ್ಪತ್ತಾರು ಕ್ವಿಂಟಲ್. ಮಳೆಯನ್ನೇ ನಂಬಿದ ಈ ನೆಲದಲ್ಲಿ ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದರೆ ಒಳ್ಳೆಯ ವರ್ಷ. ಮುತ್ಯಾ ಬೆರಳು ಮಡಚಿ ಎಣಿಸಿದರು. ಆಮೇಲೆ ತಮ್ಮ ಹೊಲದ ಈ ಬದುವಿನಿಂದ ಆ ಬದುವಿನ ತನಕ ಕಣ್ಣು ಹಾಯಿಸಿದರು.

ಅಹಮದಾಬಾದಿನ ಮೊಟೇರಾದಲ್ಲಿ 1,32,000 ಜನ ಕೂರುವ ಕ್ರೀಡಾಂಗಣ 2020ರಲ್ಲಿ ಸಿದ್ಧವಾದಾಗ ಖರ್ಚು 800 ಕೋಟಿಯ ಆಸುಪಾಸು. ಲಂಡನ್ನಿನ ಹಳೆಯ ವೆಂಬ್ಲಿ 1923ರಲ್ಲಿ ಎದ್ದದ್ದು ಏಳೂವರೆ ಲಕ್ಷ ಪೌಂಡಿಗೆ. ಅದನ್ನು ಕೆಡವಿ ಹೊಸದು ಕಟ್ಟಿ 2007ರಲ್ಲಿ ಬಾಗಿಲು ತೆರೆಯುವಾಗ ಲೆಕ್ಕ 80 ಕೋಟಿ ಪೌಂಡಿನ ಹತ್ತಿರ ಬಂದಿತ್ತು. ಮಾಂಟ್ರಿಯಲ್‌ನಲ್ಲಿ 1976ರ ಒಲಿಂಪಿಕ್ಸ್ ಕ್ರೀಡಾಂಗಣದ ಸಾಲ ತೀರಿ ಮುಗಿದದ್ದು 2006ರಲ್ಲಿ. ಉದ್ಘಾಟನೆಯ ದಿನ ಹುಟ್ಟಿದ ಕೂಸಿಗೆ ಅಷ್ಟರಲ್ಲಿ ಮೂವತ್ತು ವರ್ಷ.

ಎಲ್ಲಿಗೆ ಹೋಗುತ್ತದೆ ಇಷ್ಟು ರೊಕ್ಕ? ಆಡುವ ನೆಲಕ್ಕೆ ಹೋಗುವುದು ಕಡಿಮೆ. ನೋಡುವವರ ಕಣ್ಣಿಗೆ ಒಂದು ಕಂಬವೂ ಅಡ್ಡ ಬರಬಾರದೆಂದು ಚಾವಣಿಯನ್ನು ಹಿಂದಿನಿಂದಷ್ಟೇ ಹಿಡಿದು ಮುಂದಕ್ಕೆ ಚಾಚುತ್ತಾರೆ. ಅದು ನುಂಗುವ ಉಕ್ಕಿಗೆ ಲೆಕ್ಕವಿಲ್ಲ. ಟಿ.ವಿ. ಕ್ಯಾಮೆರಾಕ್ಕೆ ಚೆಂಡಿನ ಹೊಲಿಗೆಯೂ ಕಾಣಬೇಕು, ಅದಕ್ಕೆ ತಕ್ಕ ದೀಪ. ಗಾಜಿನ ಕೋಣೆಗಳು, ಲಿಫ್ಟು, ನೆಲದಡಿಯ ಪಾರ್ಕಿಂಗು. ಕೆಲಸ ಒಂದು ವರ್ಷ ತಡವಾದರೆ ಬಡ್ಡಿ ಬೇರೆ. ಬೆಂಗಳೂರಿನ ಚಿನ್ನಸ್ವಾಮಿ ಅಂಗಳದ ಅಡಿಯಲ್ಲಿ 2017ರಿಂದ ಮಳೆನೀರು ಹೀರುವ ಸಬ್‌ಏರ್ ಯಂತ್ರವಿದೆ. ಇಲ್ಲಿ ಒಂದು ಜೋರು ಮಳೆ ಬಿದ್ದರೆ ನಾಲ್ಕು ದಿನ ಹೊಲಕ್ಕೆ ಕಾಲಿಡಲಾಗದು. ಪ್ರತಿ ಹೆಜ್ಜೆಗೂ ಸೇರು ಮಣ್ಣು ಚಪ್ಪಲಿಗೆ ಮೆತ್ತುತ್ತದೆ.

ಬಾಗಿಲುಗಳಿಗೆ, ಅಗಲದ ಮೆಟ್ಟಿಲುಗಳಿಗೆ ಸುರಿಯುವ ಹಣದ ಬಗ್ಗೆ ಮಾತ್ರ ನನ್ನ ತಕರಾರಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿಯ ಹೊರಗಿನ ನೂಕುನುಗ್ಗಲಿನಲ್ಲಿ 11 ಜೀವ ಹೋದವು. ಆ ಸಂಜೆ ಈ ಊರಿನ ಹುಡುಗರೂ ಮೊಬೈಲಿನ ಮುಂದೆಯೇ ಕೂತಿದ್ದರಂತೆ. ಆಟ ನೋಡಲು ಹೋದ ಮಗ ಮನೆಗೆ ಮರಳಲು ಎಷ್ಟು ಖರ್ಚಾದರೂ ಅದು ಹೆಚ್ಚಲ್ಲ.

ಈ ಎರೆಮಣ್ಣಿಗೂ ಅದರದೇ ಲೆಕ್ಕವಿದೆ. ಒಣ ತುದಿಯಲ್ಲಿ ಒಂದು ಬಿರುಕಿತ್ತು. ಹುಡುಗ ಬೆರಳು ಇಳಿಸಿ ತೋರಿಸಿದ. ಗೆಣ್ಣು ಮುಳುಗಿ ಬುಡದವರೆಗೂ ಹೋಯಿತು. ನೀರು ಕುಡಿದರೆ ಉಬ್ಬುವ, ಬಿಸಿಲಿಗೆ ಸೆಟೆದು ಸೀಳುವ ಮಣ್ಣಿದು. ಅದರ ಮೇಲೆ ಗೋಡೆ ಎಬ್ಬಿಸಬೇಕಾದರೆ ಮೊದಲು ಅಗೆದು ಹೊರಹಾಕಬೇಕು, ಮುರುಮು ತುಂಬಬೇಕು, ಇಲ್ಲವೇ ಗಟ್ಟಿ ಪದರ ಸಿಗುವವರೆಗೆ ಕಂಬ ಇಳಿಸಬೇಕು. ಮನೆ ಕಟ್ಟಿದ ಇಲ್ಲಿನ ಪ್ರತಿಯೊಬ್ಬರಿಗೂ ಗೊತ್ತಿರುವ ಸಂಗತಿ: ಅರ್ಧ ರೊಕ್ಕ ನೆಲದೊಳಗೇ ಹೋಗುತ್ತದೆ. ಅದೇ ಮಣ್ಣು ಪಿಚ್ಚಿಗೆ ಮಾತ್ರ ಬಂಗಾರ. ಮೊಟೇರಾದ 11 ಪಿಚ್ಚುಗಳಲ್ಲಿ ಕೆಲವು ಕೆಂಪುಮಣ್ಣಿನವು, ಕೆಲವು ಕರಿಮಣ್ಣಿನವು. ಅಲ್ಲಿ ಕರಿಮಣ್ಣು ಸೋಸಿ, ಪದರ ಹಾಕಿ, ವಾರಗಟ್ಟಲೆ ರೋಲರ್ ಎಳೆಯುತ್ತಾರೆ. ಇಲ್ಲಿ ಕೊಡ ನೀರು, ದಿಮ್ಮಸು.

ಸಿಮೆಂಟಿನದ್ದೂ ಇಂಥದೇ ಕಥೆ. ವಾಡಿ, ಮಳಖೇಡ, ಸೇಡಂನ ಕಾರ್ಖಾನೆಗಳೆಲ್ಲವೂ ನಮ್ಮ ಜಿಲ್ಲೆಯವೇ. ನಮ್ಮ ಸುಣ್ಣದ ಕಲ್ಲು ಪುಡಿಯಾಗಿ, ಚೀಲ ಸೇರಿ, ರೈಲು ಹತ್ತಿ ಯಾವ್ಯಾವುದೋ ಊರಿನ ಕಟ್ಟಡವಾಗುತ್ತದೆ. ಕ್ರಿಕೆಟ್ಟಿನಲ್ಲೂ ಹಾಗೆಯೇ ಆಯಿತು. ಗುಲ್ಬರ್ಗಾ ಮಿಸ್ಟಿಕ್ಸ್ ತಂಡ 2022ರಲ್ಲಿ ಮಹಾರಾಜ ಟ್ರೋಫಿ ಗೆದ್ದಿತು. ಆ ಸಲದ ಪಂದ್ಯಗಳು ನಡೆದದ್ದು ಮೈಸೂರಿನಲ್ಲಿ ಮತ್ತು ಬೆಂಗಳೂರಿನಲ್ಲಿ. ಹೆಸರು ನಮ್ಮೂರಿನದು, ಚಪ್ಪಾಳೆ ಆರುನೂರು ಕಿಲೋಮೀಟರ್ ಆಚೆಯದು. ಅದು ನನಗೆ ಇಂದಿಗೂ ನೋಯುತ್ತದೆ.

ನನಗೆ ಬೇಕಾದದ್ದು ಆಳಂದ, ಅಫಜಲಪುರ, ಜೇವರ್ಗಿಯ ಹೋಬಳಿಗೊಂದು ಮಟ್ಟಸ ನೆಲ, ಒಂದು ಬೋರ್‌ವೆಲ್ಲು, ಬೇಸಿಗೆಯಲ್ಲಿ ಯಾರೂ ಉಳದ ಒಂದು ಪಿಚ್ಚು. ಚಾವಣಿ ಬೇಡ, ಬೇವಿನ ಗಿಡಗಳಿದ್ದರೆ ಸಾಕು. ದೊಡ್ಡ ಕ್ರೀಡಾಂಗಣದ ಕುರ್ಚಿಗಳಲ್ಲಿ ಕೆಲವನ್ನು ಬಿಟ್ಟುಕೊಟ್ಟರೆ ಇಷ್ಟಾದೀತೆಂದು ನನ್ನ ನಂಬಿಕೆ.

ಹೊತ್ತು ಮುಳುಗಿತು. ಚೆಂಡು ಕಾಣದಾದಾಗ ಒಬ್ಬ ಬೈಕು ತಂದು ಪಿಚ್ಚಿಗೆ ಹೆಡ್‌ಲೈಟ್ ಹಿಡಿದ. ಆ ಬೆಳಕಿನಲ್ಲಿ ಎರಡು ಓವರ್. ಬೌಲರನ ನೆರಳು ಅವನಿಗಿಂತ ಮೊದಲೇ ಓಡಿ ಬ್ಯಾಟಿನವನನ್ನು ಮುಟ್ಟುತ್ತಿತ್ತು. ಕೊನೆಯ ಹೊಡೆತ ಬಣವೆಯೊಳಗೆ ಹೂತುಹೋಯಿತು. ಎಲ್ಲರೂ ಕಣಕಿಯಲ್ಲಿ ಕೈಯಾಡಿಸಿ ಹುಡುಕುತ್ತಿರುವಾಗ ಮುತ್ಯಾ ಮೂಕಿಯಿಂದ ಇಳಿದು ಧೋತರ ಕೊಡವಿದರು.

‘ಇನ್ನ ಎಂಟ್ ದಿನ ಆಡ್ರಿ ತಮ್ಮಾ. ಆಮ್ಯಾಲ ಟ್ರ್ಯಾಕ್ಟರ್ ಬರ್ತದ.’