ನಾಲಿಗೆಯ ನೆನಪಿನಿಂದ ಕಟ್ಟಿದ ಭೋಜನಶಾಲೆ

ನಮ್ಮ ಪಟ್ಟಣಗಳ ಚೈನೀಸ್ ಹೋಟೆಲಿಗೆ ಮಕ್ಕಳೊಡನೆ ಹೋದವರು ತಿಂಡಿಯ ಪಟ್ಟಿಯಲ್ಲಿ ‘ಅಮೆರಿಕನ್ ಚಾಪ್‌ಸೂಯಿ’ ಎಂಬ ಹೆಸರನ್ನು ಕಂಡಿರುತ್ತಾರೆ. ಚೀನಾದ ಅಡಿಗೆಗೆ ಅಮೆರಿಕದ ಹೆಸರು ಅಂಟಿಕೊಂಡ ಬಗೆ ಹೇಗೆಂದು ಯೋಚಿಸಿದವರು ವಿರಳ.

1849ರ ಚಿನ್ನದ ಬೇಟೆಯ ಕಾಲದಿಂದ ಹೊಟ್ಟೆಪಾಡಿಗಾಗಿ ಕ್ಯಾಲಿಫೋರ್ನಿಯಕ್ಕೆ ಹಡಗೇರಿ ಬಂದ ಚೀನೀಯರಲ್ಲಿ ಬಹುಪಾಲು ಮಂದಿ ದಕ್ಷಿಣದ ಕ್ಯಾಂಟನ್ ಸೀಮೆಯವರು. 1882ರ ಕಾಯಿದೆಯೊಂದು ಚೀನೀ ಕೂಲಿಗಾರರಿಗೆ ಅಮೆರಿಕದ ಬಾಗಿಲನ್ನೇ ಮುಚ್ಚಿಬಿಟ್ಟಿತು. 1943ರಲ್ಲಿ ಅದು ರದ್ದಾದ ಮೇಲೂ ವರ್ಷಕ್ಕೆ 105 ಮಂದಿಗೆ ಮಾತ್ರ ಪ್ರವೇಶ. ಒಳಗೆ ಉಳಿದವರು ಬದುಕಬೇಕಾದರೆ ಅಲ್ಲಿಯವರ ನಾಲಿಗೆಗೆ ಒಗ್ಗುವುದನ್ನೇ ಬಡಿಸಬೇಕಾಗಿತ್ತು. ತರಕಾರಿ, ಮಾಂಸಗಳ ಚೂರುಗಳನ್ನು ಹುರಿದು ಗಟ್ಟಿ ರಸದಲ್ಲಿ ಕಲಸಿದ ಚಾಪ್‌ಸೂಯಿ ಆ ಅಗತ್ಯದ ಕೂಸು. ಚೀನಾದ ಅಡಿಗೆಯೆಂದರೆ ಇಷ್ಟೇ ಎಂದು ಅಮೆರಿಕನ್ನರು ನಂಬಿದ್ದ ಕಾಲದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಆ ನಂಬಿಕೆಯನ್ನು ಅಲುಗಾಡಿಸಿದವರು ಪರದೇಶದಿಂದ ಬಂದ ಒಬ್ಬ ಗೃಹಿಣಿ. 2020ರ ಅಕ್ಟೋಬರ್ 28ರಂದು ತಮ್ಮ ನೂರನೆಯ ವಯಸ್ಸಿನಲ್ಲಿ ಕಣ್ಮುಚ್ಚಿದ ಸಿಸಿಲಿಯಾ ಚ್ಯಾಂಗ್ ಅವರೇ ಆಕೆ.

ಐವತ್ತೆರಡು ಕೋಣೆಗಳ ಮನೆ

ಆಕೆಯ ತೌರಿನ ಹೆಸರು ಸುನ್ ಯುನ್. ಜನನ 1920ರಲ್ಲಿ, ಶಾಂಘೈಗೆ ಸಮೀಪದ ವೂಶಿ ಪಟ್ಟಣದಲ್ಲಿ. ಹನ್ನೆರಡು ಮಕ್ಕಳ ತುಂಬುಸಂಸಾರದಲ್ಲಿ ಆಕೆ ಏಳನೆಯ ಮಗಳು. ಬೆಳೆದದ್ದು ಬೀಜಿಂಗ್ ನಗರದಲ್ಲಿ, ಮಿಂಗ್ ಅರಸರ ಕಾಲದ ಐವತ್ತೆರಡು ಕೋಣೆಗಳ ಭವನದಲ್ಲಿ. ಆ ಮನೆಯಲ್ಲಿ ಅಡಿಗೆಯವರಿಗೆ ಕೊರತೆಯಿರಲಿಲ್ಲ. ಮಕ್ಕಳಿಗೆ ಅಡಿಗೆಮನೆಯ ಹೊಸ್ತಿಲನ್ನು ದಾಟಲು ಅಪ್ಪಣೆಯಿರಲಿಲ್ಲ. ಆದರೆ ಊಟದ ಹೊತ್ತಿನಲ್ಲಿ ಹಿರಿಯರು ಒಂದೊಂದು ಭಕ್ಷ್ಯದ ಗುಣದೋಷಗಳನ್ನು ವಿಮರ್ಶಿಸುತ್ತಿದ್ದುದನ್ನು ಆ ಬಾಲಕಿ ಕಿವಿಗೊಟ್ಟು ಕೇಳಿದಳು. ತಾಯಿಯೊಡನೆ ಮಾರುಕಟ್ಟೆಗೆ ಹೋಗಿ ಒಳ್ಳೆಯದನ್ನು ಆರಿಸುವ ಬಗೆಯನ್ನು ಕಂಡುಕೊಂಡಳು. ಸೌಟು ಹಿಡಿಯದೆಯೇ ರುಚಿಯ ವಿದ್ಯೆ ಆಕೆಗೆ ಕೈಹತ್ತಿತು.

ಜಪಾನೀಯರ ಆಕ್ರಮಣ ಆ ಸುಖವನ್ನು ಕದಡಿತು. ಎರಡನೆಯ ಮಹಾಯುದ್ಧದ ನಡುವೆ ಆಕೆ ಅಕ್ಕನೊಬ್ಬಳನ್ನು ಜೊತೆಮಾಡಿಕೊಂಡು, ಉಡುಪಿನ ಮಡಿಕೆಗಳಲ್ಲಿ ಚಿನ್ನದ ನಾಣ್ಯಗಳನ್ನಿಟ್ಟು ಹೊಲಿದು, ದೂರದ ಚೊಂಗ್‌ಚಿಂಗ್ ನಗರದತ್ತ ಹೊರಟರು. ಸಾವಿರ ಮೈಲಿಗೂ ಮಿಕ್ಕಿದ ದಾರಿ, ಬಹುಭಾಗ ಕಾಲ್ನಡಿಗೆ. ಹಾದಿಯಲ್ಲಿ ಸೈನಿಕರು ಸಾಮಾನುಗಳನ್ನು ಸುಲಿದುಕೊಂಡರು. ಸುಮಾರು ಆರು ತಿಂಗಳು ನಡೆದು ಅಕ್ಕತಂಗಿಯರು ಊರು ಮುಟ್ಟಿದರು. ಅಲ್ಲಿ ಚ್ಯಾಂಗ್ ಲಿಯಾಂಗ್ ಎಂಬವರೊಡನೆ ಆಕೆಯ ವಿವಾಹವಾಯಿತು.

ಯುದ್ಧ ಮುಗಿದರೂ ನೆಮ್ಮದಿ ದೊರೆಯಲಿಲ್ಲ. 1949ರಲ್ಲಿ ಕಮ್ಯುನಿಸ್ಟ್ ಸೇನೆ ಶಾಂಘೈಯನ್ನು ಸಮೀಪಿಸಿದಾಗ ವಿಮಾನದಲ್ಲಿ ಸಿಕ್ಕಿದ್ದು ಮೂರೇ ಸ್ಥಳ. ಗಂಡ, ಹೆಂಡತಿ, ಮಗಳು ಟೋಕಿಯೋಗೆ ಹಾರಿದರು. ಎಳೆಯ ಮಗ ಫಿಲಿಪನನ್ನು ಸೋದರಿಯ ಮಡಿಲಿಗೆ ಹಾಕಿ ಬರಬೇಕಾಯಿತು. ತಾಯಿಮಗ ಮತ್ತೆ ಒಂದುಗೂಡಲು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಹತ್ತು ಸಾವಿರ ಡಾಲರಿನ ಮಾತು

1960ರಲ್ಲಿ, ಗಂಡನನ್ನು ಕಳೆದುಕೊಂಡ ಸೋದರಿಯೊಬ್ಬಳನ್ನು ಸಂತೈಸಲೆಂದು ಆಕೆ ಸ್ಯಾನ್‌ಫ್ರಾನ್ಸಿಸ್ಕೋಗೆ ಬಂದರು. ನೆಲೆಸುವ ಉದ್ದೇಶವಿರಲಿಲ್ಲ. ಟೋಕಿಯೋದ ಪರಿಚಯಸ್ಥರಿಬ್ಬರು ಅಲ್ಲಿ ಸಿಕ್ಕಿ, ತಾವೊಂದು ಭೋಜನಶಾಲೆ ತೆರೆಯುವುದಾಗಿ ಹೇಳಿ ನೆರವು ಬೇಡಿದರು. ಟೋಕಿಯೋದಲ್ಲಿ ಗೆಳೆಯರೊಡನೆ ಅಂಥದೊಂದನ್ನು ನಡೆಸಿದ ಅನುಭವ ಆಕೆಗಿತ್ತು. ಪೋಕ್ ಬೀದಿಯ ಮಳಿಗೆಗೆ ಮುಂಗಡವಾಗಿ 10,000 ಡಾಲರುಗಳ ಚೆಕ್ಕನ್ನು ಆಕೆಯೇ ಬರೆದುಕೊಟ್ಟರು. ಸ್ವಲ್ಪ ದಿನಗಳಲ್ಲಿ ಪರಿಚಯಸ್ಥರು ಹಿಂದೆ ಸರಿದರು. ಮಳಿಗೆಯ ಒಡೆಯ ಹಣ ಹಿಂದಿರುಗಿಸಲು ಒಪ್ಪಲಿಲ್ಲ. ಟೋಕಿಯೋದಲ್ಲಿದ್ದ ಪತಿಗೆ ಈ ವಿಷಯ ತಿಳಿಸಲು ಧೈರ್ಯವಾಗಲಿಲ್ಲ. ಹೋದ ಹಣವನ್ನು ದುಡಿದೇ ಪಡೆಯಬೇಕೆಂದು ನಿಶ್ಚಯಿಸಿ, 1961ರಲ್ಲಿ 65 ಮಂದಿ ಕೂಡಬಹುದಾದ ‘ದಿ ಮ್ಯಾಂಡರಿನ್’ ಭೋಜನಶಾಲೆಯನ್ನು ತೆರೆದರು.

ಊರಿನ ಚೀನೀ ವರ್ತಕರು ಕ್ಯಾಂಟನ್ ಭಾಷೆಯವರು; ಆಕೆಯದು ಉತ್ತರದ ಮ್ಯಾಂಡರಿನ್ ಭಾಷೆ. ಸ್ವಜನರ ನಡುವೆಯೇ ಆಕೆ ಪರಕೀಯಳಾದರು. ಅಂಗಡಿಯವರು ಸಾಲ ಕೊಡಲಿಲ್ಲ. ಬಂದ ಗಿರಾಕಿಗಳಾದರೋ ಚಾಪ್‌ಸೂಯಿ ಎಲ್ಲಿ ಎಂದು ಕೇಳುತ್ತಿದ್ದರು. ಅದೊಂದನ್ನು ಮಾತ್ರ ಆಕೆ ಪಟ್ಟಿಗೆ ಸೇರಿಸಲಿಲ್ಲ. ತೌರುಮನೆಯ ಊಟವನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡು ಇನ್ನೂರಕ್ಕೂ ಹೆಚ್ಚು ಭಕ್ಷ್ಯಗಳನ್ನು ಪಟ್ಟಿಮಾಡಿದರು. ಷಾಂಡೊಂಗ್ ಪ್ರಾಂತದ ದಂಪತಿಗಳೊಬ್ಬರು ಅಡಿಗೆಗೆ ದೊರೆತರು. ಸಿಚುವಾನಿನ ಖಾರದ ಅಡಿಗೆಗಳು, ಹುಳಿ ಖಾರ ಬೆರೆತ ಸಾರು, ನಮ್ಮ ಕಡುಬಿನಂತೆ ಹೂರಣ ತುಂಬಿ ಒಂದು ಮಗ್ಗುಲನ್ನು ಕಾವಲಿಯ ಮೇಲೆ ಕೆಂಪಗೆ ಕಾಯಿಸಿದ ತಿನಿಸು, ಚಹದೆಲೆಯ ಹೊಗೆಯಲ್ಲಿ ಹದಗೊಂಡ ಬಾತುಕೋಳಿ, ಜೇಡಿಮಣ್ಣಿನಲ್ಲಿ ಮುಚ್ಚಿ ಬೇಯಿಸುವ ‘ತಿರುಕನ ಕೋಳಿ’ — ಇವೆಲ್ಲ ಆ ನಗರದ ಬಹುಮಂದಿಗೆ ಹೊಸವು.

ಮೊದಮೊದಲು ಮೇಜುಗಳು ಬರಿದಾಗಿಯೇ ಉಳಿಯುತ್ತಿದ್ದವು. ಒಂದು ಸಂಜೆ ಊರಿನ ಹೆಸರಾಂತ ಅಂಕಣಕಾರ ಹರ್ಬ್ ಕೇನ್ ಅಲ್ಲಿ ಉಂಡು, ತಮ್ಮ ಪತ್ರಿಕೆಯಲ್ಲಿ ಮೆಚ್ಚಿ ಬರೆದರು. ಆ ಬಳಿಕ ದೂರವಾಣಿಗೆ ವಿರಾಮವಿರಲಿಲ್ಲ. ಬಾಗಿಲಲ್ಲಿ ಜನ ಸಾಲುಗಟ್ಟಿದರು.

ಅಂಗಡಿಯಿಂದ ಶಾಲೆಗೆ

1968ರಲ್ಲಿ ‘ಮ್ಯಾಂಡರಿನ್’ ಕೊಲ್ಲಿಯ ದಂಡೆಯ ಗಿರಾರ್ಡೆಲ್ಲಿ ಚೌಕಕ್ಕೆ ಸ್ಥಳಾಂತರಗೊಂಡಿತು. ಈಗ 300 ಮಂದಿ ಕುಳಿತು ಉಣ್ಣಬಹುದಾದ ವಿಶಾಲ ಶಾಲೆ. ಚೀನೀ ಹೋಟೆಲಿನಲ್ಲಿ ಕೆಂಪು ಲಾಂದ್ರ, ಬಂಗಾರದ ಬಣ್ಣದ ಡ್ರ್ಯಾಗನ್ ಇರಲೇಬೇಕೆಂಬ ವಾಡಿಕೆಯನ್ನು ಆಕೆ ಬದಿಗೊತ್ತಿದರು. ಅಂದವಾಗಿ ಉಟ್ಟು ತೊಟ್ಟು ಮೇಜಿನಿಂದ ಮೇಜಿಗೆ ನಡೆದು, ಮನೆಗೆ ಬಂದ ನೆಂಟರನ್ನು ವಿಚಾರಿಸುವಂತೆ ಗಿರಾಕಿಗಳನ್ನು ವಿಚಾರಿಸುತ್ತಿದ್ದರು. ಯಾವುದರ ಜೊತೆಗೆ ಯಾವುದು ಹೊಂದೀತು ಎಂದು ತಿಳಿಹೇಳುತ್ತಿದ್ದರು. ಅಡಿಗೆಯ ಪಾಠಗಳನ್ನೂ ಆರಂಭಿಸಿದರು. ಅಮೆರಿಕದ ಪಾಕಶಾಸ್ತ್ರದಲ್ಲಿ ದೊಡ್ಡ ಹೆಸರು ಗಳಿಸಿದ ಜೂಲಿಯಾ ಚೈಲ್ಡ್, ಆಲಿಸ್ ವಾಟರ್ಸ್ ಮೊದಲಾದವರೂ ಆಕೆಯಿಂದ ಕಲಿತವರೇ.

1991ರಲ್ಲಿ ಆಕೆ ಭೋಜನಶಾಲೆಯನ್ನು ಮಾರಿದರು. 2006ರಲ್ಲಿ ಅದು ಮುಚ್ಚಿತು. ಹಿಂದೆ ಶಾಂಘೈಯಲ್ಲಿ ಬಿಟ್ಟುಬಂದಿದ್ದ ಆ ಎಳೆಯ ಮಗ ಫಿಲಿಪ್, 1993ರಲ್ಲಿ ಪಾಲುದಾರನೊಬ್ಬನೊಡನೆ ‘ಪಿ. ಎಫ್. ಚ್ಯಾಂಗ್ಸ್’ ಎಂಬ ಭೋಜನಶಾಲೆಗಳ ಸರಣಿಗೆ ನಾಂದಿ ಹಾಡಿದರು. 2013ರಲ್ಲಿ, ತೊಂಬತ್ತು ದಾಟಿದ್ದ ತಾಯಿಗೆ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ಜೀವಮಾನ ಸಾಧನೆಯ ಪ್ರಶಸ್ತಿ ಸಂದಿತು.

ಯುದ್ಧ ಆಕೆಯ ಊರನ್ನು ಬಿಡಿಸಿತು. ಕ್ರಾಂತಿ ತೌರಿನ ಐಶ್ವರ್ಯವನ್ನು ಕರಗಿಸಿತು. ಬಾಲ್ಯದಲ್ಲಿ ಉಂಡ ಊಟದ ರುಚಿಯನ್ನು ಮಾತ್ರ ಯಾವ ಗಡಿಯಲ್ಲಿಯೂ ಯಾರೂ ಕಸಿದುಕೊಳ್ಳಲಿಲ್ಲ. ಅದನ್ನು ಬಚ್ಚಿಡದೆ, ಅಗ್ಗವೂ ಮಾಡದೆ, ಅಪರಿಚಿತರ ಎಲೆಗೆ ಮೂವತ್ತು ವರ್ಷ ಬಡಿಸಿದ ಹಿರಿಮೆ ಸಿಸಿಲಿಯಾ ಚ್ಯಾಂಗ್ ಅವರದು.