ಚಿಪ್ಪು ಒಡೆಯದೆ ತಿರುಳುಣ್ಣುವ ಕರುಳು

ಹೂವಿನ ಪರಾಗದಷ್ಟು ಹಟಮಾರಿ ವಸ್ತು ಜೀವಲೋಕದಲ್ಲಿ ಇನ್ನೆಷ್ಟಿದ್ದೀತು? ಬೆರಳಿಗೆ ಅಂಟಿದಾಗ ಅದು ಬರೀ ಹಳದಿ ಧೂಳು. ಆದರೆ ಆ ಧೂಳಿನ ಕಣಕಣವನ್ನೂ ಸ್ಪೋರೋಪೊಲೆನಿನ್ ಎಂಬ ವಸ್ತುವಿನ ಕವಚ ಕಾಯುತ್ತಿರುತ್ತದೆ. ಹಳೆಯ ಶಿಲೆಗಳಲ್ಲಿ ಹುದುಗಿರುವ ಪರಾಗವನ್ನು ಬಿಡಿಸಿಕೊಳ್ಳಲು ವಿಜ್ಞಾನಿಗಳು ಕಲ್ಲಿನ ಪುಡಿಗೆ ಹೈಡ್ರೋಫ್ಲೋರಿಕ್ ಆಮ್ಲ ಹಾಕುತ್ತಾರೆ. ಕಲ್ಲು ಕರಗಿಹೋಗುತ್ತದೆ, ಪರಾಗ ಉಳಿಯುತ್ತದೆ! ಕೋಟ್ಯಂತರ ವರ್ಷ ನೆಲದಡಿ ಇದ್ದರೂ ಮೈಮೇಲಿನ ಕುಸುರಿ ಮಾಸದೆ, ಯಾವ ಗುಂಪಿನ ಗಿಡದ್ದೆಂದು ಗುರುತು ಹಿಡಿಯುವಷ್ಟು ಗಟ್ಟಿಯಾಗಿ ಉಳಿಯುತ್ತದೆ.

ಈಗ ಇದನ್ನು ಕೇಳಿ. ಆಮ್ಲಕ್ಕೂ ಜಗ್ಗದ ಆ ಕವಚದೊಳಗಿನ ಪ್ರೋಟೀನನ್ನೇ ನಂಬಿ ಜೀವಮಾನವಿಡೀ ಬದುಕುವ ಪ್ರಾಣಿಯೊಂದು ಪಶ್ಚಿಮ ಆಸ್ಟ್ರೇಲಿಯಾದ ನೈಋತ್ಯ ಮೂಲೆಯಲ್ಲಿದೆ. ಅದರ ತೂಕ ಒಂಬತ್ತು ಗ್ರಾಂ ಆಸುಪಾಸು!

ಹನಿ ಪಾಸಮ್ ಎಂದು ಅದರ ಹೆಸರು. ಆ ನೆಲದ ಮೂಲನಿವಾಸಿಗಳಾದ ನೂಂಗಾರ್ ಜನರಿಗೆ ಅದು ನೂಲ್‌ಬೆಂಗರ್. ಕಾಂಗರೂಗಳ ಹಾಗೆ ಇದೂ ಹೊಟ್ಟೆಚೀಲದ ಪ್ರಾಣಿ. ಬಾಲ ಬಿಟ್ಟರೆ ಮೈ ಏಳೆಂಟು ಸೆಂಟಿಮೀಟರ್, ಬಾಲ ಅದಕ್ಕಿಂತಲೂ ಉದ್ದ, ಬೆನ್ನ ಮೇಲೆ ಮೂರು ಕಪ್ಪು ಗೆರೆ. ತನ್ನ ಕುಟುಂಬದಲ್ಲಿ ಇದೊಂದೇ ಜಾತಿ, ಒಡಹುಟ್ಟಿದವರು ಯಾರೂ ಉಳಿದಿಲ್ಲ. ಬಾವಲಿಗಳನ್ನು ಬಿಟ್ಟರೆ, ಬರೀ ಮಕರಂದ ಮತ್ತು ಪರಾಗದಲ್ಲೇ ಪೂರ್ತಿ ಬಾಳುವ ಸ್ತನಿ ಜಗತ್ತಿನಲ್ಲಿ ಇದೊಂದೇ. ಕೀಟವೂ ಬೇಡ, ಹಣ್ಣೂ ಬೇಡ, ಎಲೆಯೂ ಬೇಡ. ಹೂವು ಸಾಕು!

ಬಾಯಿಂದಲೇ ಶುರು ಮಾಡೋಣ, ಅಚ್ಚರಿಯೂ ಅಲ್ಲಿಂದಲೇ ಶುರು. ಪರಾಗವನ್ನು ಅರೆಯಬೇಕೆಂದರೆ ದವಡೆ ಹಲ್ಲು ಬೇಕಲ್ಲವೇ? ಇದಕ್ಕೆ ಇರುವುದು ಲೆಕ್ಕಕ್ಕಷ್ಟೇ ಉಳಿದ ಮೊಂಡು ಗೂಟಗಳು. ಕೆಳದವಡೆಯ ಮುಂದಿನ ಎರಡು ಬಾಚಿಹಲ್ಲುಗಳು ಮಾತ್ರ ಉದ್ದಕ್ಕೆ ಚೂಪಾಗಿವೆ. ಅಗಿಯುವ ಕೆಲಸವನ್ನೇ ಈ ಪ್ರಾಣಿ ಬಿಟ್ಟುಕೊಟ್ಟಿದೆ. ಅದರ ಬದಲು ಚಾಚಿದ ಮೂತಿ, ಮೂತಿಯಾಚೆಗೂ ನೀಳವಾಗಿ ಚಾಚುವ ನಾಲಿಗೆ, ನಾಲಿಗೆಯ ತುದಿಯಲ್ಲಿ ಬಿರುಸು ಕೂದಲಿನ ಕುಂಚ. ಹೂವಿನೊಳಗೆ ತೂರಿದ ಕುಂಚ ಮಕರಂದವನ್ನೂ ಪರಾಗವನ್ನೂ ಒಟ್ಟಿಗೆ ಬಳಿದುಕೊಂಡು ಹಿಂದಕ್ಕೆ ಬರುತ್ತದೆ. ಬರುವಾಗ ಬಾಯಿಯ ಅಂಗುಳಿನಲ್ಲಿ ಸಾಲಾಗಿ ಎದ್ದಿರುವ ಏಣುಗಳು ನಾಲಿಗೆಯನ್ನು ಕೆರೆದು ಪರಾಗವನ್ನು ಉದುರಿಸಿಕೊಳ್ಳುತ್ತವೆ. ನುಂಗಿತು, ಮತ್ತೆ ನಾಲಿಗೆ ಹೊರಕ್ಕೆ!

ಹಾಗಾದರೆ ಅರೆಯದೆ ನುಂಗಿದ ಆ ಕಣಗಳ ಗತಿ? ಜಠರದಲ್ಲಿ ಎರಡು ಕೋಣೆಗಳಿವೆ. ಮುಖ್ಯ ಕೋಣೆ ಒಂದು, ಅದರಿಂದ ಕವಲೊಡೆದ ಚೀಲ ಇನ್ನೊಂದು. ಹೂವು ತುಂಬಿ ಸುರಿಯುವ ಹೊತ್ತಿನಲ್ಲಿ ಕುಡಿದಿದ್ದೆಲ್ಲ ತಕ್ಷಣ ಖರ್ಚಾಗುವುದಿಲ್ಲ, ಈ ಪಕ್ಕದ ಚೀಲ ಮಕರಂದದ ಉಗ್ರಾಣವಾಗುತ್ತದೆ ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಅದರಾಚೆ ಕರುಳು. ಮತ್ತು ಇಲ್ಲಿ ನಾನು ಬೆರಗಾಗಿ ನಿಂತುಬಿಟ್ಟೆ: ಆ ಕರುಳಿನಲ್ಲಿ ವಿಶೇಷವೇನೂ ಇಲ್ಲ! ಚಿಕ್ಕದು, ನೇರವಾದದ್ದು. ಸಣ್ಣಕರುಳು ದೊಡ್ಡಕರುಳು ಕೂಡುವಲ್ಲಿ ಅನೇಕ ಸ್ತನಿಗಳಿಗೆ ಇರುವ, ಒಂದು ಕಡೆ ಮುಚ್ಚಿದ ಸೀಕಮ್ ಎಂಬ ಚೀಲ ಕೂಡ ಇದಕ್ಕಿಲ್ಲ. ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡು ಗಂಟೆಗಟ್ಟಲೆ ಹುದುಗು ಬರಿಸುವ ಜಾಗವೇ ಇಲ್ಲ.

ಆದರೂ ಕೆಲಸ ನಡೆಯುತ್ತದೆ, ಅದೂ ಸುಮಾರು ಆರು ಗಂಟೆಗಳಲ್ಲಿ. ಪರಾಗದ ಕವಚ ಎಷ್ಟೇ ಗಟ್ಟಿಯಾದರೂ ಅದರಲ್ಲಿ ಸೂಕ್ಷ್ಮ ರಂಧ್ರಗಳಿವೆ. ಹೂವಿನ ಶಲಾಕೆಯ ತುದಿಗೆ ಬಿದ್ದಾಗ ಪರಾಗನಾಳ ಮೊಳೆತು ಹೊರಬರಬೇಕಾದದ್ದು ಆ ರಂಧ್ರಗಳಿಂದಲೇ. ಗಿಡ ತನ್ನ ಸಂತಾನಕ್ಕಾಗಿ ಬಿಟ್ಟುಕೊಂಡ ಆ ಬಾಗಿಲಿನ ಮೂಲಕವೇ ಹನಿ ಪಾಸಮ್‌ನ ಕರುಳು ಒಳಗಿನದನ್ನೆಲ್ಲ ಜೀರ್ಣಿಸಿ ಹೊರಕ್ಕೆ ಎಳೆದುಕೊಳ್ಳುತ್ತದೆ. ತೆಂಗಿನಕಾಯಿಯನ್ನು ಒಡೆಯದೆ, ಅದರ ಕಣ್ಣಿನಿಂದಲೇ ನೀರಿನ ಜೊತೆ ಕಾಯಿಯನ್ನೂ ಕರಗಿಸಿ ಹೀರಿಕೊಂಡ ಹಾಗೆ! ಹಿಕ್ಕೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುವುದು ಕವಚಗಳ ರಾಶಿ. ಒಂದೂ ಮುರಿದಿಲ್ಲ, ಹೆಚ್ಚಿನವುಗಳಲ್ಲಿ ಒಳಗೆ ಏನೂ ಉಳಿದಿಲ್ಲ. ಒಂದೊಂದು ಗಿಡದ ಪರಾಗಕ್ಕೂ ಅದರದೇ ಆಕಾರವಿರುವುದರಿಂದ, ಈ ಖಾಲಿ ಕವಚಗಳನ್ನು ನೋಡಿಯೇ ಪ್ರಾಣಿ ಹಿಂದಿನ ರಾತ್ರಿ ಯಾವ ಯಾವ ಹೂವಿಗೆ ಹೋಗಿತ್ತೆಂದು ಸಂಶೋಧಕರು ಓದಿಬಿಡುತ್ತಾರೆ.

ಲೆಕ್ಕ ನೋಡಿದರೆ ಬೆರಗು ಇನ್ನೂ ಏರುತ್ತದೆ. ಒಂಬತ್ತು ಗ್ರಾಂ ತೂಗುವ ಹನಿ ಪಾಸಮ್‌ಗೆ ದಿನಕ್ಕೆ ಸುಮಾರು 7 ಮಿಲಿಲೀಟರ್ ಮಕರಂದ, ಸುಮಾರು 1 ಗ್ರಾಂ ಪರಾಗ ಬೇಕು. ತನ್ನ ತೂಕಕ್ಕೆ ಹತ್ತಿರಹತ್ತಿರ ಬರುವಷ್ಟು ಊಟ! ಮಕರಂದದಿಂದ ಸಕ್ಕರೆ ಮತ್ತು ನೀರು, ಪರಾಗದಿಂದ ಪ್ರೋಟೀನು. ಅಷ್ಟೊಂದು ನೀರನ್ನು ಹೊರಹಾಕಲು ಮೂತ್ರಪಿಂಡಗಳು ತೆಳ್ಳನೆಯ ಮೂತ್ರವನ್ನು ಸುರಿಸುತ್ತಲೇ ಇರಬೇಕು. ಇನ್ನು ತಾಯಿಯ ಕಥೆ. ಹುಟ್ಟಿದ ಮರಿಯ ತೂಕ 5 ಮಿಲಿಗ್ರಾಂ ಕೂಡ ಇರುವುದಿಲ್ಲ, ಸ್ತನಿಗಳಲ್ಲೇ ಅತಿ ಚಿಕ್ಕ ನವಜಾತ ಶಿಶು ಇದು. ಎರಡು ತಿಂಗಳು ಚೀಲದಲ್ಲಿ ಹಾಲು ಕುಡಿದು ಹೊರಬರುವಾಗ ಒಂದೊಂದೂ ಸುಮಾರು ಎರಡೂವರೆ ಗ್ರಾಂ. ನಾಲ್ಕು ಮರಿಗಳಿದ್ದರೆ ಅವುಗಳ ಒಟ್ಟು ತೂಕ ತಾಯಿಯ ತೂಕಕ್ಕೆ ಸರಿಸಾಟಿ. ಆ ಹಾಲಿನ ಪ್ರೋಟೀನಷ್ಟೂ ಬಂದದ್ದು ಎಲ್ಲಿಂದ? ರಂಧ್ರದಿಂದ ಹೀರಿದ ಪರಾಗದಿಂದ!

ಹೊಟ್ಟೆಚೀಲದ ಉಳಿದ ಪುಟ್ಟ ಪ್ರಾಣಿಗಳು ಬೇರೆ ಬೇರೆ ದಾರಿ ಹಿಡಿದಿವೆ. ಕೀಟ ತಿನ್ನುವ ಡನಾರ್ಟ್‌ಗೂ ಸೀಕಮ್ ಇಲ್ಲ. ಮಾಂಸಾಹಾರಕ್ಕೆ ಅದು ಬೇಕಾಗಿಯೂ ಇಲ್ಲ. ಮರದ ಅಂಟನ್ನು ನೆಕ್ಕುವ ಶುಗರ್ ಗ್ಲೈಡರ್‌ಗೆ ದೊಡ್ಡ ಸೀಕಮ್ ಉಂಟು, ಜಗ್ಗದ ಅಂಟು ಅಲ್ಲಿ ಹುದುಗು ಬರುತ್ತದೆ. ಎಲೆ ತಿನ್ನುವ ರಿಂಗ್‌ಟೇಲ್ ಪಾಸಮ್ ತನ್ನ ಸೀಕಮ್‌ನಿಂದ ಬಂದ ಮೆತ್ತನೆಯ ಹಿಕ್ಕೆಯನ್ನು ಮತ್ತೊಮ್ಮೆ ತಿಂದು ಅಲ್ಲಿ ಉಳಿದ ಪೋಷಣೆಯನ್ನೂ ಬಿಡದೆ ಪಡೆಯುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದದ್ದು ಗಿಲ್ಬರ್ಟ್ಸ್ ಪೊಟೊರೂ. ಸುಮಾರು ಒಂದು ಕಿಲೋ ತೂಗುವ ಈ ಪ್ರಾಣಿ ಅಳಿದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದಾಗ, 1994ರಲ್ಲಿ ಆಲ್ಬನಿ ಊರಿನ ಹತ್ತಿರದ ಟೂ ಪೀಪಲ್ಸ್ ಬೇಯಲ್ಲಿ ಮತ್ತೆ ಸಿಕ್ಕಿತು. ಹನಿ ಪಾಸಮ್ ಇರುವ ಅದೇ ನೈಋತ್ಯ ಮೂಲೆ! ಇದರ ಊಟ ಬಹುಪಾಲು ನೆಲದಡಿಯ ಅಣಬೆ. ಜಠರದ ಮುಂಭಾಗ ದೊಡ್ಡ ಚೀಲವಾಗಿ ಹಿಗ್ಗಿ, ಸೂಕ್ಷ್ಮಜೀವಿಗಳನ್ನು ಸಾಕಿಕೊಂಡು, ಅಣಬೆಯನ್ನು ಹುದುಗಿಸುತ್ತದೆ. ಆದರೆ ಪೊಟೊರೂಗಳ ಕರುಳಿನಲ್ಲಿ ಅಣಬೆಯ ಬೀಜಕಗಳು ಸಾಯುವುದಿಲ್ಲ! ಹಿಕ್ಕೆಯ ಜೊತೆ ಹೊಸ ಮಣ್ಣಿಗೆ ಬಿದ್ದು ಮೊಳೆಯುತ್ತವೆ, ಮರಗಿಡಗಳ ಬೇರಿಗೆ ಹೆಣೆದುಕೊಂಡು ಅವಕ್ಕೆ ಪೋಷಕಾಂಶ ಒದಗಿಸುತ್ತವೆ. ಒಂದು ಕರುಳು ಪರಾಗವನ್ನು ಬರಿದು ಮಾಡಿ ಕವಚ ಎಸೆಯುತ್ತದೆ, ಇನ್ನೊಂದು ಕರುಳು ಬೀಜಕವನ್ನು ಜೀವಂತ ದಾಟಿಸುತ್ತದೆ. ಹನಿ ಪಾಸಮ್ ಕೂಡ ಗಿಡದಿಂದ ಬರೀ ಕಿತ್ತುಕೊಳ್ಳುವುದಿಲ್ಲ. ಮೂತಿಯ ರೋಮಕ್ಕೆ ಅಂಟಿದ, ನುಂಗದೆ ಉಳಿದ ಪರಾಗ ಮುಂದಿನ ಹೂವಿಗೆ ತಲುಪುತ್ತದೆ.

ಉಗ್ರಾಣ ಅಷ್ಟು ಚಿಕ್ಕದು, ಕರುಳು ಅಷ್ಟು ಗಿಡ್ಡ, ಹಾಗಾದರೆ ವರ್ಷವಿಡೀ ಹೂವು ಬೇಕು. ಆ ನೆಲ ಅದನ್ನೂ ಕೊಟ್ಟಿದೆ! ಬಡ ಮರಳುಮಣ್ಣಿನ ಆ ಕುರುಚಲು ಬಯಲಿನಲ್ಲಿ ಸಾವಿರಾರು ಜಾತಿಯ ಗಿಡಗಳು ಸರದಿ ತಪ್ಪದೆ ಅರಳುತ್ತವೆ. ಒಂದು ಬಗೆಯ ಬ್ಯಾಂಕ್ಸಿಯಾ ಗಿಡ ಹೂಬಿಟ್ಟು ಮುಗಿಸುವಾಗ ಇನ್ನೊಂದು ಬಗೆಯ ಬ್ಯಾಂಕ್ಸಿಯಾ ಅರಳಿರುತ್ತದೆ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಇದೇ ಕುಟುಂಬದ್ದು, ಆಸ್ಟ್ರೇಲಿಯಾದ ಪೂರ್ವ ಕರಾವಳಿಯಿಂದ ಬಂದ ಮರ. ಅದರ ಕಿತ್ತಳೆ ಬಣ್ಣದ ಹೂಗೊಂಚಲನ್ನು ಹತ್ತಿರದಿಂದ ನೋಡಿದವರಿಗೆ ಹನಿ ಪಾಸಮ್‌ನ ಊಟದ ತಟ್ಟೆ ಹೇಗಿರುತ್ತದೆಂದು ಅಂದಾಜು ಸಿಗುತ್ತದೆ.

ಆ ಸರದಿಗೇ ಈಗ ಪೆಟ್ಟು ಬೀಳುತ್ತಿರುವುದು ಎದೆ ಸುಡುವ ಸಂಗತಿ. ಫೈಟಾಫ್ತೊರಾ ಸಿನ್ನಮೋಮಿ ಎಂಬ ಸೂಕ್ಷ್ಮ ಜೀವಿ ಹೊರಗಿನಿಂದ ಬಂದು ಬ್ಯಾಂಕ್ಸಿಯಾಗಳ ಬೇರು ಕೊಳೆಸುತ್ತಿದೆ. ಒಮ್ಮೆ ಮಣ್ಣಿಗೆ ಸೇರಿದರೆ ಅದನ್ನು ತೊಡೆದುಹಾಕುವ ದಾರಿ ಇಲ್ಲವೆನ್ನುವಷ್ಟು ಕಷ್ಟ. ಮೇಲಿಂದ ಮೇಲೆ ಬೆಂಕಿ ಬಿದ್ದರೆ ಸುಟ್ಟ ಗಿಡ ಮತ್ತೆ ಹೂಬಿಡಲು ವರ್ಷಗಳೇ ಬೇಕು. ಚಳಿ ಹೆಚ್ಚಾಗಿ ಊಟ ಕಡಿಮೆಯಾದಾಗ ಹನಿ ಪಾಸಮ್ ಕೆಲವು ಗಂಟೆ ಮೈ ತಣ್ಣಗಾಗಿಸಿಕೊಂಡು ಜಡವಾಗಿ ಮಲಗಬಲ್ಲದು, ವಾರಗಟ್ಟಲೆ ಹೂವಿಲ್ಲದೆ ಇರಲಾರದು. ಬೇರು ಕೊಳೆಸುವ ಆ ರೋಗ ಹರಡುವುದು ಮಣ್ಣು ಮೆತ್ತಿದ ಗಾಡಿಯ ಟೈರಿನಿಂದ, ನಡೆಯುವವರ ಬೂಟಿನಿಂದ. ಹಾಗಾಗಿ ಹನಿ ಪಾಸಮ್ ನೆಲೆಸಿರುವ ಫಿಟ್ಜೆರಾಲ್ಡ್ ರಿವರ್ ರಾಷ್ಟ್ರೀಯ ಉದ್ಯಾನದಲ್ಲಿ ಕೆಲವು ದಾರಿಗಳನ್ನು ಮುಚ್ಚಿದ್ದಾರೆ, ತೆರೆದಿರುವ ಕಾಲುದಾರಿಗಳಲ್ಲಿ ಹೋಗುವವರು ಮೊದಲು ಬೂಟಿನ ಮಣ್ಣು ಉಜ್ಜಿ ಹೋಗಬೇಕು.